ದಸ್ತಗೀರ ಮಾಮಾ ಕದಿಯದ ಡೀಸೆಲ್

ದಸ್ತಗೀರ ಮಾಮಾ ಡೀಸೆಲ್ ಕದ್ದಿರಲಿಲ್ಲ. ಅವರನ್ನು ಕಳ್ಳನೆಂದು ತೋರಿಸಿಕೊಟ್ಟವನು ನಾನು — ಸುಳ್ಳೆಂದು ಚೆನ್ನಾಗಿ ಗೊತ್ತಿದ್ದೂ. ನಮ್ಮ ಇಂಡಿ ಪಟ್ಟಣದ ನಿಂಬೆ ಮಾರುಕಟ್ಟೆಯಲ್ಲಿ ಇವತ್ತಿಗೂ ಯಾರಾದರೂ 'ಡೀಸೆಲ್ ದಸ್ತಗೀರ' ಎಂದು ನಕ್ಕರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಬಾರಿಸಿಕೊಂಡಿಲ್ಲ. ನಕ್ಕವರ ಜೊತೆ ನಾನೂ ನಕ್ಕಿದ್ದೇನೆ.

ಅಣ್ಣನ ಪಿಕಪ್ ಗಾಡಿಗೆ ಮಾಮಾ ಡ್ರೈವರ್. ಒಮ್ಮೆ ಅಗರಖೇಡದ ಎರೆಹೊಲದಲ್ಲಿ ನಿಂಬೆ ಚೀಲ ಹೇರಿಕೊಂಡು ನಾನು ಗಾಡಿ ಹೊಡೆದೆ. ಏರು ಹತ್ತದೆ ಹೂತು ನಿಂತಿತು. ಟ್ರ್ಯಾಕ್ಟರ್ ಕಟ್ಟಿ ಎಳೆಸುವಾಗ ನೋಡಿದವರೆಲ್ಲ ನಕ್ಕರು. ನನ್ನ ಸೊಕ್ಕಿಗೆ ಅಷ್ಟೇ ಸಾಕಿತ್ತು. ಗಾಡಿಗೆ ಕೈ ಹಚ್ಚಬೇಡ ಎಂದಿದ್ದ ಅಣ್ಣನ ಕಣ್ಣು ತಪ್ಪಿಸಿ, ಸಿಂದಗಿಯ ಗ್ಯಾರೇಜಿನಲ್ಲಿ ಹಿಂದಿನ ಆಕ್ಸಲ್ಲಿನ ಹಲ್ಲುಗಾಲಿಗಳನ್ನೇ — ಕ್ರೌನ್, ಪಿನಿಯನ್ ಎರಡನ್ನೂ — ಬದಲಿಸಿದೆ. ಮನೆಯಲ್ಲಿ ಬೇರಿಂಗ್ ಹಾಕಿಸಿದೆ ಎಂದೆ.

ಎಳೆತ ಬಂತು, ನಿಜ. ಆದರೆ ಗಾಲಿ ಒಂದು ಸುತ್ತು ಬರಲು ಎಂಜಿನ್ ಈಗ ಮೊದಲಿಗಿಂತ ಹೆಚ್ಚು ಸುತ್ತಬೇಕು. ಹೊಲದಲ್ಲಿ ಆನೆ, ವಿಜಯಪುರದ ಸಪಾಟು ರಸ್ತೆಯಲ್ಲಿ ಬರೀ ಅರಚಾಟ, ಡೀಸೆಲ್ ಕುಡಿದದ್ದೇ ಕುಡಿದದ್ದು. ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಎವರೇಜ್ ಬಿತ್ತು. ಅಣ್ಣನ ಅನುಮಾನ ನೇರ ಡ್ರೈವರನ ಮೇಲೆ ಹೋಯಿತು.

ಮಾಮಾ ಸುಮ್ಮನೆ ಕೇಳಿಸಿಕೊಳ್ಳುವವರಲ್ಲ. ಮಾರುಕಟ್ಟೆಯಲ್ಲಿ ಹತ್ತು ಜನರೆದುರೇ ಜಗಳಕ್ಕೆ ನಿಂತರು.

"ಹಿಂದಿನ ಹಲ್ಲು ಬದಲಿ ಆಗ್ಯಾವ್ರಿ. ಗಾಡಿ ಸಪ್ಪಳನ ಹೇಳ್ತೈತಿ. ನಿಮ್ಮ ತಮ್ಮಗ ಕೇಳ್ರಿ!"

ಅಣ್ಣ ನನ್ನತ್ತ ತಿರುಗಿದ. "ಏನಲೇ, ಬದಲಿ ಮಾಡ್ಸೀಯೇನು?"

"ಇಲ್ಲಣ್ಣಾ. ಮಾಮಾ ನೆವಾ ಹೇಳಾಕತ್ತಾರ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡಲಿಲ್ಲ. ನಾನೇ ಓಡಿಸಿ ತೋರಿಸುತ್ತೇನೆ ಎಂದು ಟ್ಯಾಂಕ್ ತುಂಬಿಸಿಕೊಂಡು ಬಸವನ ಬಾಗೇವಾಡಿಗೆ ಹೊರಟೆ. ಇಂಗಳೇಶ್ವರದ ಹತ್ತಿರ ಗಾಡಿ ನಿಲ್ಲಿಸಿ, ಬಚ್ಚಿಟ್ಟಿದ್ದ ಕ್ಯಾನಿನ ಡೀಸೆಲ್ಲನ್ನು ಟ್ಯಾಂಕಿಗೆ ಸುರಿದೆ. ಮರಳಿ ಬಂದು ಪಂಪಿನಲ್ಲಿ ಅಳೆದಾಗ ಹಳೆಯ ಎವರೇಜೇ ಬಂತು. ಅಣ್ಣ ನನ್ನ ಬೆನ್ನು ತಟ್ಟಿದ.

ಮಾಮಾ ಮತ್ತೆ ಇಂಡಿಯಲ್ಲಿ ಸ್ಟೀರಿಂಗ್ ಹಿಡಿಯಲಿಲ್ಲ; ಯಾರೂ ಗಾಡಿ ಕೊಡಲಿಲ್ಲ. ಮಗಳ ಊರು ಮುದ್ದೇಬಿಹಾಳಕ್ಕೆ ಹೋಗಿ ಹಮಾಲಿ ಮಾಡಿದರು. ನಾನು ಚಿಕ್ಕವನಿದ್ದೆ, ಅಣ್ಣನ ಹೆದರಿಕೆ ಇತ್ತು — ಥೂ, ಎಂಥ ಮಾತು! ನಿಜ ಹೇಳಿದ್ದರೆ ಅಣ್ಣ ನಾಲ್ಕು ದಿನ ಬೈಯುತ್ತಿದ್ದ, ಅಷ್ಟೇ. ಆ ನಾಲ್ಕು ದಿನದ ಬೈಗುಳ ತಪ್ಪಿಸಿಕೊಳ್ಳಲು ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡೆ.

ಹೋದ ವಾರ ಮುದ್ದೇಬಿಹಾಳಕ್ಕೆ ಹೋಗಿ ಎಲ್ಲ ಒಪ್ಪಿಕೊಂಡೆ. ಮಾಮಾ ಒಳಗೆ ಬಾ ಎನ್ನಲಿಲ್ಲ.

"ನನ್ನ ಮುಂದ ಯಾಕ ಹೇಳ್ತಿ? ನಾ ಕದ್ದಿಲ್ಲ ಅನ್ನೂದು ನನಗ ಗೊತ್ತೈತಿ. ಗೊತ್ತಿಲ್ಲದವ್ರು ಅಲ್ಲಿ ಮಾರ್ಕೆಟ್ನ್ಯಾಗ ಅದಾರ. ಅಲ್ಲಿ ಹೋಗಿ ಹೇಳು."

ಬಾಗಿಲು ಹಾಕಿಕೊಂಡರು. ಮನೆಗೆ ಬಂದು ಅಣ್ಣನಿಗೆ ಹೇಳಿದರೆ, "ಆಗಿದ್ದು ಆತು. ಈಗ ಬಾಯಿ ಬಿಟ್ರ ಮನಿ ಮಾನ ಹೋಗ್ತೈತಿ" ಎಂದ.

ಯಾರ ಮನೆಯ ಮಾನ? ಮೈಯೆಲ್ಲ ಉರಿಯಿತು — ಅವನ ಮೇಲೆ ಅರ್ಧ, ನನ್ನ ಮೇಲೆ ಪೂರ್ತಿ. ನಾಳೆ ಹರಾಜು ಶುರುವಾಗುವ ಮೊದಲು ಮಾರುಕಟ್ಟೆಯ ನಡುವೆ ನಿಂತು ಹೇಳುತ್ತೇನೆ. ಅಣ್ಣನೂ ಆ ಹತ್ತು ಜನರ ಜೊತೆ ನಿಂತು ಕೇಳಲಿ.