ಚೆಂಡು ಒದೆಯಲು ಬಾರದ ಕೋಚ್

ಕಳೆದ ಅಕ್ಟೋಬರಿನ ಎರಡನೇ ಭಾನುವಾರ ಒಮಾನಿನ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಶುರುವಾಯಿತು. ಅದಕ್ಕೆ ಮೊದಲು ಅಲ್ಲಿ ಅಂಥದ್ದು ಇರಲಿಲ್ಲ. ಏಳು ಮಂದಿಯ ತಂಡದಲ್ಲಿ ಆಡಲು ಎಂಟು ಮಂದಿ ಹೆಸರು ಕೊಟ್ಟರು. ಕೋಚ್ ಆಗಲು ಯಾರೂ ಮುಂದೆ ಬರಲಿಲ್ಲ, ನಾನು ಬಂದೆ.

ನನ್ನದು ಅಕೌಂಟಿಂಗ್, ಮೂರನೇ ವರ್ಷ. ಉಡುಪಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಖೋ ಖೋ ಆಡಿದ್ದು ಬಿಟ್ಟರೆ ಮೈದಾನಕ್ಕೆ ಇಳಿದವಳಲ್ಲ. ಫುಟ್‌ಬಾಲನ್ನು ನೋಡಿ ಕಲಿತದ್ದು. ಇಲ್ಲಿಗೆ ಬಂದ ಮೇಲೆ ಶುಕ್ರವಾರ ಸಂಜೆ ರೂವಿಯ ಕಡೆಯ ಮಣ್ಣಿನ ಮೈದಾನದಲ್ಲಿ ಅಂಗಡಿ ಕೆಲಸದವರು ಆಡುವಾಗ ಅಪ್ಪನ ಜೊತೆ ಹೋಗಿ, ಯಾರು ಎಲ್ಲಿ ಚೆಂಡು ಕಳೆದುಕೊಂಡರು ಎಂದು ಪುಸ್ತಕದಲ್ಲಿ ಗೀಟು ಹಾಕುತ್ತಿದ್ದೆ. ಮದುವೆಯ ಪ್ರಾಯಕ್ಕೆ ಬಂದರೂ ಇದೆಂತ ಹುಚ್ಚು ಎಂದು ಅಮ್ಮ ಬೈಯುತ್ತಿದ್ದರು. ನಾನು ಬಿಡಲಿಲ್ಲ.

ಕ್ರೀಡಾ ವಿಭಾಗ ನೋಡಿಕೊಳ್ಳುವ ಸರ್ ಧಾರವಾಡ ಕಡೆಯವರು. ಕಾಲೇಜಿನಲ್ಲಿ ಕನ್ನಡದವರು ನಾವಿಬ್ಬರೇ ಆದ್ದರಿಂದ ನನ್ನನ್ನು ಬೈಯುವುದಿದ್ದರೆ ಕನ್ನಡದಲ್ಲೇ ಬೈಯುತ್ತಿದ್ದರು. ಮೊದಲ ವಾರ ಮೈದಾನಕ್ಕೆ ಬಂದವರು, ಹುಡುಗಿಯರು ಚೆಂಡೇ ಇಲ್ಲದೆ ಕೋನ್‌ಗಳ ನಡುವೆ ಸುತ್ತಿ ಸುತ್ತಿ ಓಡುವುದನ್ನು ಕಂಡು ನಿಂತರು. ಅದು ಖೋ ಖೋ ಅಭ್ಯಾಸ ಎಂದು ಅವರಿಗೆ ಕೂಡಲೇ ಗೊತ್ತಾಯಿತು.

"ಏನವಾ ಕೋಚಮ್ಮಾ, ನಿನಗರ ಚೆಂಡು ಒದಿಯಾಕ ಬರತೈತೇನು?"

"ಬರುದಿಲ್ಲ ಸರ್. ಕಲಿಸ್ಲಿಕ್ಕೆ ಬರ್ತದೆ."

ಮೊದಲ ಪಂದ್ಯ ಏಳು ಸೊನ್ನೆಯಲ್ಲಿ ಸೋತೆವು. ಅವತ್ತಿನ ನನ್ನ ಲೆಕ್ಕದಲ್ಲಿ ಏಳರಲ್ಲಿ ಐದು ಗೋಲು ನಮ್ಮ ಎಡಗಡೆಯಿಂದ ಬಂದಿದ್ದವು. ಚೆಂಡು ಹೋದ ಮೇಲೆ ಆ ಕಡೆ ಯಾರೂ ತಿರುಗಿ ಓಡುತ್ತಿರಲಿಲ್ಲ. ಒಂದು ತಿಂಗಳು ನಾನು ಬೇರೇನೂ ಕಲಿಸಲಿಲ್ಲ, ತಿರುಗಿ ಓಡುವುದನ್ನು ಮಾತ್ರ ಕಲಿಸಿದೆ. ಮುಂದಿನ ಪಂದ್ಯದಲ್ಲಿ ಸೋತದ್ದು ಎರಡು ಸೊನ್ನೆ. ಅದರ ಮುಂದಿನದು ಸಮ.

ಡಿಸೆಂಬರಿನಲ್ಲಿ ಅಂತರ ಕಾಲೇಜು ಟೂರ್ನಮೆಂಟ್. ಅದಕ್ಕೆ ಎರಡು ವಾರ ಮೊದಲು ಸರ್ ಕರೆಸಿದರು. ಸರ್ಟಿಫಿಕೇಟ್ ಇಲ್ಲದ ಕೋಚ್ ಮೈದಾನದ ಗೆರೆಯ ಪಕ್ಕ ನಿಲ್ಲುವಂತಿಲ್ಲ, ಸರ್ಟಿಫಿಕೇಟ್ ಇರುವ ತಾವೇ ನಿಲ್ಲುವುದು, ನಾನು ಗ್ಯಾಲರಿಯಲ್ಲಿ ಕೂರಬೇಕು ಎಂದರು. ಟೂರ್ನಮೆಂಟ್ ಮುಗಿದ ಮೇಲೆ ಸರಿಯಾದ ಒಬ್ಬ ಕೋಚ್‌ನನ್ನು ತರುವುದೆಂದೂ ತೀರ್ಮಾನವಾಗಿತ್ತು.

"ನಿಂದೇನ್ ತಪ್ಪಿಲ್ಲವಾ. ಆದ್ರ ಕಾಲೇಜಿಗೆ ಒಂದು ಲೆವೆಲ್ ಅಂತ ಇರತೈತಿ."

ಮನೆಗೆ, ಅಲ್ ಮವಾಲೇಹ್‌ಗೆ, ಹೋಗುವ ಬಸ್ಸಿನಲ್ಲಿ ಟೂರ್ನಮೆಂಟಿನ ನಿಯಮಗಳನ್ನು ಪೂರ್ತಿ ಓದಿದೆ. ಕೋಚ್‌ಗೆ ಸರ್ಟಿಫಿಕೇಟ್ ಬೇಕು. ಆಟಗಾರ್ತಿಗೆ ಕಾಲೇಜಿನ ಗುರುತಿನ ಚೀಟಿ ಸಾಕು, ಬದಲಿ ಆಟಗಾರ್ತಿ ಗೆರೆಯ ಪಕ್ಕವೇ ಕೂರಬಹುದು. ಮರುದಿನ ಒಂಬತ್ತನೇ ಆಟಗಾರ್ತಿಯಾಗಿ ನನ್ನ ಹೆಸರು ಬರೆದುಕೊಂಡು ಸರ್ ಹತ್ತಿರ ಹೋದೆ. ನೂರು ವರ್ಷಕ್ಕೂ ಹಿಂದೆ, ಕಾಲೇಜು ಫುಟ್‌ಬಾಲ್ ಶುರುವಾದ ಕಾಲದಲ್ಲಿ, ಓದುವ ಹುಡುಗರೇ ಕೋಚ್ ಆಗಿ ತಂಡದ ಜೊತೆ ಆಡುತ್ತಿದ್ದರು ಎಂದು ಎಲ್ಲೋ ಓದಿದ್ದನ್ನೂ ಹೇಳಿದೆ. ಆಡುವ ಪ್ರಸಂಗ ಬಂದರೆ ಏನು ಮಾಡುತ್ತೀ ಎಂದು ಸರ್ ಕೇಳಿದರು. ಆಡುತ್ತೇನೆ ಎಂದೆ. ಆ ದಿನ ಬರುವಷ್ಟರಲ್ಲಿ ಹೆದರಿ ಹಿಂದೆ ಸರಿಯುತ್ತಾಳೆ ಅಂದುಕೊಂಡರೋ ಏನೋ, ಸಹಿ ಹಾಕಿದರು.

ಪಂದ್ಯದ ದಿನ ಒಬ್ಬಳಿಗೆ ಜ್ವರ. ಆಡುವವರು ಏಳು ಮಂದಿ, ಹೊರಗೆ ನಾನೊಬ್ಬಳೇ. ದ್ವಿತೀಯಾರ್ಧದಲ್ಲಿ ಒಂದೊಂದು ಗೋಲಿಗೆ ಸಮ ಇದ್ದಾಗ ನಮ್ಮ ಎಡಗಡೆಯ ಹುಡುಗಿಯ ಪಾದ ಉಳುಕಿತು. ಇಬ್ಬರು ಹಿಡಿದುಕೊಂಡು ಅವಳನ್ನು ಹೊರಗೆ ತಂದರು.

ಸರ್ ನನ್ನ ಜರ್ಸಿಯ ತೋಳು ಹಿಡಿದರು. "ಆರು ಮಂದಿ ಆಡಲಿ. ನೀ ಹೊರಗ ಕೂಡು. ಇಷ್ಟು ಜನರ ಮುಂದ ಮರ್ಯಾದಿ ತೆಗೀಬ್ಯಾಡ."

ನಮ್ಮ ಕ್ಯಾಪ್ಟನ್ ಸೂರ್ ಊರಿನ ಒಮಾನಿ ಹುಡುಗಿ. ಅವಳಿಗೆ ಕನ್ನಡ ಬಾರದು, ಆದರೆ ತೋಳು ಹಿಡಿದದ್ದು ಕಾಣುತ್ತಿತ್ತು. "ಯಲ್ಲಾ, ಕೋಚ್," ಎಂದಳು, ಬೇಗ ಬಾ ಎಂದು. ಕೈ ಬಿಡಿಸಿಕೊಂಡು ಒಳಗೆ ಹೋದೆ.

ನನ್ನ ಮೊದಲ ಒದೆತ ಗಾಳಿಗೆ ಹೋಯಿತು. ಗ್ಯಾಲರಿ ಹೊಟ್ಟೆ ತುಂಬ ನಕ್ಕಿತು. ಆಮೇಲೆ ನಾನು ಚೆಂಡಿನ ಗೋಜಿಗೇ ಹೋಗಲಿಲ್ಲ. ಎದುರು ತಂಡದಲ್ಲಿ ಗೋಲು ಹೊಡೆದಿದ್ದ ಹುಡುಗಿಯ ಬೆನ್ನು ಹತ್ತಿದೆ. ಅವಳು ತಿರುಗಿದರೆ ತಿರುಗಿದೆ, ನಿಂತರೆ ನಿಂತೆ, ಓಡಿದರೆ ಅವಳಿಗಿಂತ ಮೊದಲು ಅಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಅವಳು ರೆಫರಿಯ ಹತ್ತಿರ ದೂರು ಹೇಳಿದಳು. ನಾನು ಅವಳನ್ನು ಮುಟ್ಟಿಯೇ ಇರಲಿಲ್ಲ, ರೆಫರಿ ಏನು ಮಾಡಿಯಾರು? ಕೊನೆಗೆ ಇನ್ನೊಬ್ಬಳು ಬಲಗಡೆಯಿಂದ ಬಂದು ಗೋಲು ಹೊಡೆದಳು. ಸೋತೆವು.

"ಸೋತ್ರಿ, ನೋಡಿದ್ಯಾ?" ಎಂದರು ಸರ್.

"ಗೋಲು ಎಡಗಡೆಯಿಂದ ಬರಲಿಲ್ಲ ಸರ್."

ಅವರು ನನ್ನಲ್ಲಿದ್ದ ಚೆಂಡಿನ ಕೋಣೆಯ ಕೀ ಕೇಳಿದರು. ಕೊಡಲಿಲ್ಲ. ಹೊಸ ಕೋಚ್ ಬಂದ ದಿನ ಆ ಕೋಚ್ ಕೈಗೇ ಕೊಡುತ್ತೇನೆ, ಅಲ್ಲಿಯವರೆಗೆ ಭಾನುವಾರ ನಾಲ್ಕೂವರೆಗೆ ಪ್ರಾಕ್ಟೀಸ್ ಉಂಟು ಎಂದೆ. ಅವರು ಮತ್ತೆ ಕೇಳಲಿಲ್ಲ.

ಆ ಭಾನುವಾರ ಎಂಟೂ ಮಂದಿ ಬಂದರು. ಪಾದ ಉಳುಕಿದವಳು ಬ್ಯಾಂಡೇಜ್ ಕಟ್ಟಿಕೊಂಡು ಬಂದು ಗೆರೆಯ ಪಕ್ಕ ಕುರ್ಚಿ ಹಾಕಿ ಕೂತಳು. ಗ್ಯಾಲರಿಯಲ್ಲಿ ನಕ್ಕಿದ್ದವರಲ್ಲಿ ನಮ್ಮ ಕಾಲೇಜಿನ ನಾಲ್ವರು ಹುಡುಗಿಯರು ತಾವೂ ಸೇರುತ್ತೇವೆ ಎಂದು ಬಂದರು, ಇಬ್ಬರ ಕಾಲಲ್ಲಿ ಚಪ್ಪಲಿ. ಚಪ್ಪಲಿ ಬಿಚ್ಚಿಸಿ ಓಡಿಸಿದೆ.

ಇದನ್ನು ಬರೆಯುತ್ತಿರುವುದು ಮಾರ್ಚಿನಲ್ಲಿ. ಸರಿಯಾದ ಕೋಚ್ ಇನ್ನೂ ಬಂದಿಲ್ಲ. ಬಂದರೆ ಬರಲಿ, ಬಲಗಡೆಯ ಕೆಲಸ ಅರ್ಧ ಆಗಿದೆ, ಅದನ್ನು ಮುಗಿಸದೆ ನಾನು ಹೋಗುವವಳಲ್ಲ.