ಮೊದಲು ಮುಟ್ಟಬೇಕು
ಗೋಕಾಕದಲ್ಲಿ ಕಬ್ಬಿನ ಗಾಣ ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ, ಎರಕ ಹೊಯ್ಯುವ ಮೊದಲೇ ಗಾಣವನ್ನು ಕಂಪ್ಯೂಟರಿನೊಳಗೆ ತಿರುಗಿಸಿ ರೋಲರ್ ಎಲ್ಲಿ ಬಿರಿಯುತ್ತದೆಂದು ಹೇಳುವವರು ಶೋಭಾ ಮೇಡಂ. ಅವರು ತಿರುಗಿಸಿ ಮುಗಿಸುವಷ್ಟರಲ್ಲಿ ಹೊಲದ ಕಬ್ಬು ಹೂ ಬಿಟ್ಟೀತು. ಮೊದಲು ಎರಡು ರೋಲರುಗಳನ್ನು ಕೂದಲೆಳೆಯಷ್ಟು ಸರಿಸಿ ಒಂದಕ್ಕೊಂದು ಮುಟ್ಟಿಸುತ್ತಾರೆ. ಆಮೇಲೆ ರೋಲರಿನ ನಡುವಿಗೊಂದು ಬಿಂದು ಇಟ್ಟು, ರೋಲರನ್ನು ಅದಕ್ಕೆ ಬಿಗಿದು, ಆ ಬಿಂದುವನ್ನು ಹಿಡಿದು ಅರ್ಧ ಡಿಗ್ರಿ ತಿರುಗಿಸುತ್ತಾರೆ. ಕಂಪ್ಯೂಟರಿನ ಲೆಕ್ಕ ಕೂಡಿ ಬರದೆ ನಿಂತರೆ ಹಿಂದಕ್ಕೆ ಬಂದು ಕಾಲು ಡಿಗ್ರಿ. ಮಾಲೀಕ ಕಾಶಿನಾಥರು, "ಒಮ್ಮೆಲೇ ಪೂರ್ತಿ ಸುತ್ತ ಹೊಡಸ್ರಿ ಮೇಡಂ" ಎಂದರೆ, "ಮುಟ್ಟೂಕಿಂತ ಮೊದಲ ತಿರುಗಿಸಿದ್ರ ಒಂದರಾಗೊಂದು ಹೊಕ್ಕೊಂಡ ಕೂಡ್ತಾವ್ರಿ ಸಾವ್ಕಾರ್ರ" ಎನ್ನುತ್ತಾರೆ. ಚಹಾದ ಕಪ್ಪನ್ನೂ ತುಟಿಗೆ ಮುಟ್ಟಿಸಿ, ಒಂದು ಗಳಿಗೆ ತಡೆದು, ಆಮೇಲೆ ಓರೆ ಮಾಡುವ ಹೆಂಗಸು. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಮೊನ್ನೆ ನಾನು ಕೊಣ್ಣೂರಿನ ಅವರ ಮನೆಗೆ ಹೋದಾಗ, ಬಿದ್ದು ಹೆಗಲು ಬಿಗಿದುಕೊಂಡಿದ್ದ ತಾಯಿ ಶಿವಗಂಗವ್ವನ ತೋಳನ್ನು ಮೇಡಂ ತುಸುತುಸುವೇ ಎತ್ತಿ ತಿರುಗಿಸುತ್ತಿದ್ದರು. ತಾಯಿ ಮುಖ ಕಿವುಚಿದರೆ ಹಿಂದಕ್ಕೆ ತಂದು, ಮತ್ತೆ ಅದರರ್ಧ. "ಎಂಟ ತಿಂಗಳಾತು, ನನ್ನೂ ಗಾಣಾ ಮಾಡ್ಯಾಳ ನೋಡ ತಮ್ಮಾ" ಎಂದು ಶಿವಗಂಗವ್ವ ನಕ್ಕರು. ಆ ಎಂಟು ತಿಂಗಳೂ ಅವರ ಹಣೆಗೆ ವಿಭೂತಿ ಹಚ್ಚಿದವರು ಮಗಳೇ. ಅವತ್ತು ಮಗಳು ಕೈ ಬಿಟ್ಟು ಸರಿದು ಕೂತರು. ಶಿವಗಂಗವ್ವ ನೋವಿನ ಕೈಯ ಮೂರು ಬೆರಳನ್ನು ವಿಭೂತಿಗೆ ಒತ್ತಿ, ಆ ಕೈಯನ್ನು ತಾವೇ ಮೆಲ್ಲಗೆ ಎತ್ತಿ ಹಣೆಗೆ ಮುಟ್ಟಿಸಿದರು. ಒಂದು ಗಳಿಗೆ ತಡೆದರು. ಆಮೇಲೆ ಎಳೆದರು.