ಮಗ್ಗ ನಡೆದಾಗ ಮೂಕವಾಗುತ್ತಿದ್ದ ಪೆಡಲ್

೨೦೨೩ರ ಬೇಸಿಗೆ. ರಬಕವಿಯಲ್ಲಿ ನಾನು ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟು ಆಗ ಇಪ್ಪತ್ತೊಂಬತ್ತು ವರ್ಷ. ಭಜನಾ ಮಂಡಳಿಯ ಮೈಕ್ ಸೆಟ್ಟಿರಲಿ, ಲಗ್ನದ ಮನೆಯ ಸ್ಪೀಕರಿರಲಿ, ಕೈಗೆ ಬಂದ ಯಾವುದನ್ನೂ ಮೂಕವಾಗಿ ವಾಪಸು ಕಳಿಸಿದವನಲ್ಲ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕು ಇಳಿಸಿದ್ದು ಅಂಗೈಯಗಲದ ಒಂದು ಅಲ್ಯುಮಿನಿಯಂ ಡಬ್ಬಿ.

ಅದನ್ನು ತಂದವಳು ಬನಹಟ್ಟಿಯ ಸವಿತಾ. ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳು. ಡಬ್ಬಿ ಎಂದರೆ ಅವಳೇ ಎರಡು ತಿಂಗಳು ಕೂತು ಮಾಡಿದ ಗಿಟಾರ್ ಪೆಡಲ್. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇದನ್ನು ಸೇರಿಸಿ, ಕಾಲಿನಿಂದ ಸ್ವಿಚ್ ಒತ್ತಿದರೆ ತೆಳು ದನಿ ಗುರುಗುಟ್ಟುವ ದಪ್ಪ ದನಿಯಾಗುತ್ತದೆ. ಇನ್ನೊಮ್ಮೆ ಒತ್ತಿದರೆ ದನಿ ಒಳಗಿನ ಸರ್ಕ್ಯೂಟಿಗೆ ಹೋಗದೆ ನೇರವಾಗಿ ಆಚೆ ದಾಟುತ್ತದೆ. ಇದಕ್ಕೆ ಬೈಪಾಸ್ ಎನ್ನುತ್ತಾರೆ. ಅವಳ ಪೆಡಲ್ ಬೈಪಾಸ್‌ನಲ್ಲಿ ಸರಿಯಾಗಿತ್ತು. ಸ್ವಿಚ್ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ದನಿ ಮಾತ್ರ ಪೂರ್ತಿ ನಿಂತುಹೋಗುತ್ತಿತ್ತು.

"ಹೋದ ವಾರ ಛಲೋ ನುಡೀತಿತ್ರಿ ಕಾಕಾ. ಈಗ ಎರಡ ದಿನ ಹುಡುಕಿದೆ, ಏನೂ ತಿಳೀವಲ್ದು. ರವಿವಾರ ಮುಧೋಳದಾಗ ಆರ್ಕೆಸ್ಟ್ರಾದವರ ಮುಂದ ಬಾರಿಸಿ ತೋರಿಸ್ಬೇಕು. ಈ ದನಿ ಇಲ್ಲಂದ್ರ ಕೀಬೋರ್ಡಿನಾಗ ನಡಸ್ತೀವಿ, ನೀವು ಬ್ಯಾಡ ಅಂದಾರ."

ಅಂದು ಬುಧವಾರ. ಅವಳ ಜೊತೆ ತಂದೆ ಈರಪ್ಪನವರೂ ಬಂದಿದ್ದರು. ನಲವತ್ತು ವರ್ಷ ಮಗ್ಗ ನಡೆಸಿದ ನೇಕಾರರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು.

ನಾನು ಗಿಟಾರ್ ಪೆಡಲ್ ಬಿಚ್ಚಿದ್ದು ಅದೇ ಮೊದಲು, ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬ್ಯಾಟರಿ ೯.೧ ವೋಲ್ಟ್ ತೋರಿಸಿತು. ಟ್ರಾನ್ಸಿಸ್ಟರಿನ ಕಾಲಿನಲ್ಲಿ ೪.೫, ಅರ್ಧ ಇರಬೇಕು, ಇತ್ತು. ಬೆಸುಗೆಗಳೆಲ್ಲ ಚೊಕ್ಕಟ, ಪ್ರತಿ ಜೋಡಣೆಯ ಮೇಲೂ ಕಪ್ಪು ಪ್ಲಾಸ್ಟಿಕ್ ಕೊಳವೆ ಏರಿಸಿದ್ದಳು. ಆಮೇಲೆ ಆಂಪ್ಲಿಫೈಯರಿನ ವಾಯರಿನ ತುದಿ ಹಿಡಿದು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತ ಹೋದೆ. ಇದು ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದಂತೆ; ದನಿ ಎಲ್ಲಿ ತಪ್ಪಿತೋ ಅಲ್ಲೇ ರೋಗ. ಇಲ್ಲಿ ಎಲ್ಲಿಯೂ ತಪ್ಪಲಿಲ್ಲ. ಕಡೆಯ ಸ್ವಿಚ್ಚಿನ ತನಕ ಮುಟ್ಟಿದಲ್ಲೆಲ್ಲ ದನಿ ಬಂತು. ಮುಚ್ಚಿ ನೋಡಿದರೆ ಪೆಡಲ್ ಗುರುಗುಟ್ಟಿತು. ನಾನು ಏನೂ ಮಾಡಿರಲಿಲ್ಲ.

ಈರಪ್ಪನವರು ಬಾಗಿಲಿಂದ, "ಒಳಗ ಎಲ್ಲೆರ ಎಳಿ..." ಎಂದು ಶುರು ಮಾಡಿದರು.

"ಇದು ಮಗ್ಗ ಅಲ್ರಿ ಹಿರಿಯಾರ, ಸರ್ಕ್ಯೂಟು," ಎಂದು ನಾನು ನಕ್ಕೆ.

ಗುರುವಾರ ಸಂಜೆ ಅಪ್ಪ ಮಗಳು ಮತ್ತೆ ಬಂದರು. ಮನೆಗೆ ಹೋಗುತ್ತಲೇ ಪೆಡಲ್ ಮೂಕವಾಗಿತ್ತಂತೆ. ಸ್ವಿಚ್ಚಿನ ಮೇಲೆ ಸಂಶಯ ಬಂದು ಹೊಸದು ಹಾಕಿದೆ. ಹೊರಡುವಾಗ ಈರಪ್ಪನವರು ಹಿಂದುಳಿದು, "ಮಾಸ್ತರ್ರ, ಒಂದ ಮಾತು..." ಎಂದರು. ಕೈಯಲ್ಲಿ ಬಿಸಿ ಬೆಸುಗೆ ಕಡ್ಡಿ ಇತ್ತು, ನಾನು ತಲೆ ಎತ್ತಲಿಲ್ಲ. ಶುಕ್ರವಾರ ಅವಳೊಬ್ಬಳೇ ಬಂದಳು. ಅಂಗಡಿಯಲ್ಲಿ ನುಡಿದದ್ದು ಮನೆಯಲ್ಲಿ ನುಡಿದಿರಲಿಲ್ಲ. ಮುಚ್ಚಳ ಒಳಗೆ ತಾಗುತ್ತಿರಬೇಕೆಂದು ಟೇಪ್ ಅಂಟಿಸಿ ಕಳಿಸಿದೆ. ರಾತ್ರಿಯೇ ಫೋನ್ ಬಂತು, ಅದೇ ಕಥೆ. "ಡಬ್ಬಿಗೆ ದೃಷ್ಟಿ ತಗೀರಿ," ಎಂದಳು ನನ್ನ ಹೆಂಡತಿ. ಇಪ್ಪತ್ತೊಂಬತ್ತು ವರ್ಷದ ವಿದ್ಯೆ ಕೈಕೊಟ್ಟಿತ್ತು.

ಶನಿವಾರ ಮಧ್ಯಾಹ್ನ ನಾನೇ ಬನಹಟ್ಟಿಗೆ ಹೋದೆ. ಮುಂದಿನ ಖೋಲಿಯಲ್ಲಿ ಈರಪ್ಪನವರ ಎರಡು ಪವರ್‌ಲೂಮ್ ಖಟಾಖಟಿ ನಡೆದಿದ್ದವು, ನೆಲವೆಲ್ಲ ನಡುಗುತ್ತಿತ್ತು. ಒಳಖೋಲಿಯಲ್ಲಿ ಸವಿತಾ ಸ್ವಿಚ್ ಒತ್ತಿದಳು. ದನಿಯಿಲ್ಲ. ಮಾತು ಕೇಳಿಸಲೆಂದು ಮಗ್ಗ ನಿಲ್ಲಿಸಲು ಹೇಳಿದೆ. ನಿಂತಿತು. ಅವಳು ತಂತಿ ಮೀಟಿದಳು, ಪೆಡಲ್ ಗುರುಗುಟ್ಟಿತು. ಮಗ್ಗ ಹಚ್ಚಿಸಿದೆ. ಮೂಕ. ಮೂರು ಸಲವೂ ಹಾಗೇ ಆಯಿತು.

ನನಗೆ ದಿಕ್ಕೇ ತಪ್ಪಿತು. ಮೋಟಾರಿನ ಕಾಟವಿದ್ದರೆ ಗುಂಯ್ ಎಂಬ ಸದ್ದು ಸೇರಬೇಕು, ಇರುವ ದನಿ ಹೋಗಬಾರದು. ಆಂಪ್ಲಿಫೈಯರಿನ ಪ್ಲಗ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಸವಿತಾ ಗಿಟಾರ್ ಗೋಡೆಗೆ ಆನಿಸಿಟ್ಟಳು. "ಇರ್ಲಿ ಬಿಡ್ರಿ ಕಾಕಾ. ನಾಳೆ ಬರೂದಿಲ್ಲಂತ ಫೋನ್ ಮಾಡ್ತೇನಿ," ಎಂದಳು.

ಆಗ ನಾನು ಹೇಳದೆಯೇ ಮಗ್ಗ ನಿಂತಿತು. ಈರಪ್ಪನವರು ಒಳಗೆ ಬಂದು ಮಗಳ ಎದುರು ಕೂತು, ಪೆಡಲ್ ಬಿಚ್ಚಿಸಿ, ಒಂದು ಕಪ್ಪು ಕೊಳವೆಯನ್ನು ಉಗುರಿನಿಂದ ಹಿಂದೆ ಸರಿಸಿದರು.

"ಇಲ್ಲಿ ಐತ್ರಿ."

ಸರ್ಕ್ಯೂಟಿನಿಂದ ಸ್ವಿಚ್ಚಿಗೆ ಹೋಗುವ ತಂತಿಯ ನಡುವೆ ಒಂದು ಗಂಟು. ನೇಕಾರರು ಹರಿದ ಎಳೆಗೆ ಹಾಕುವ ಗಂಟು. ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ತೊಡಕಿಲ್ಲದೆ ದಾಟುವಷ್ಟು ಸಣ್ಣದು, ಎಳೆದರೆ ಇನ್ನೂ ಬಿಗಿಯುವಂಥದ್ದು. ನೂಲಿಗೆ ಅಷ್ಟು ಸಾಕು. ಆದರೆ ತಂತಿಯ ಪ್ಲಾಸ್ಟಿಕ್ ಹೊದಿಕೆ ಸುಲಿದಿರಲಿಲ್ಲ. ತುದಿಯಲ್ಲಿ ಇಣುಕಿದ ತಾಮ್ರದ ಚೂರುಗಳು ತಾಗಿಯೂ ತಾಗದಂತಿದ್ದವು. ನಾನು ಮುಟ್ಟಿ ನೋಡುವಾಗೆಲ್ಲ ಅವು ಕೂಡುತ್ತಿದ್ದವು, ನೆಲ ನಡುಗಿದರೆ ಅಗಲುತ್ತಿದ್ದವು.

ಸವಿತಾ ತಂದೆಯ ಕಡೆ ತಿರುಗಿದಳು. "ಆರ್ಕೆಸ್ಟ್ರಾಕ್ಕ ಹೋಗೂದು ನಿನಗ ಬ್ಯಾಡಾಗಿತ್ತು. ಬೇಕಂತ ಮಾಡಿದ್ಯೇನಪ್ಪಾ?"

"ಬ್ಯಾಡಾಗಿತ್ತು, ಖರೆ," ಎಂದರು ಈರಪ್ಪನವರು. "ಆದ್ರ ನಿನ್ನ ಕೈಕೆಲಸಾ ಕೆಡಸಾವ ಅಲ್ಲವಾ ನಾ. ನೀ ಸಾಲಿಗೆ ಹೋದಾಗ ಡಬ್ಬಿ ತೆರದಿತ್ತು. ಒಂದ ಎಳಿ ಉದ್ದಾಗಿ ಮ್ಯಾಲೆದ್ದಿತ್ತು. ಮಂದಿ ಮುಂದ ಒಯ್ಯೂದು, ಚಂದ ಕಾಣ್ಲಿ ಅಂತ ಕತ್ರಿ ಹಚ್ಚಿದೆ. ಎರಡ ತುಂಡ ಆತು. ಎಳಿ ಹರದ್ರ ಗಂಟ ಹಾಕೂದು ಬಿಟ್ಟು ನನಗ ಬ್ಯಾರೆ ಏನ ಗೊತ್ತು? ಗಂಟ ಕಾಣಬಾರ್ದಂತ ಬಾಜೂಕಿನ ಕೊಳವಿ ಅದರ ಮ್ಯಾಲ ಸರಿಸಿದೆ."

ನನ್ನ ಕಡೆ ತಿರುಗಿ ಮೆಲ್ಲಗೆ, "ಇಕಿ ಹಿಂಗ ಅಂತಾಳಂತ ಅಂಜಿ, ನಿಮ್ಮ ಮುಂದ ಎರಡ ಸಲ ಹೇಳಾಕ ಬಂದಿದ್ನಿರಿ," ಎಂದರು.

ನನಗೆ ನಾಚಿಕೆಯಾಯಿತು. ನಲವತ್ತು ವರ್ಷ ಹರಿದ ಎಳೆ ಹುಡುಕಿದ ಮನುಷ್ಯ ನನ್ನ ಬಾಗಿಲಲ್ಲಿ ಎಳೆ ಹರಿದಿದೆ ಎಂದು ಹೇಳಲು ಬಂದಿದ್ದ. ನಾನು ನಕ್ಕು ಬಾಯಿ ಮುಚ್ಚಿಸಿದ್ದೆ.

ತಂತಿ ಬದಲಿಸೋಣ ಎಂದೆ. ಸವಿತಾ ಬೇಡವೆಂದಳು. ಗಂಟು ಸಡಿಲಿಸಿ, ಹೊದಿಕೆ ಸುಲಿದು, ಬರಿ ತಾಮ್ರವನ್ನು ತಂದೆಯ ಮುಂದೆ ಹಿಡಿದು, "ಮತ್ತ ಹಾಕಪ್ಪಾ," ಎಂದಳು. ಅವರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಗಂಟು ಹಾಕಿದರು. ಅವಳು ಅದರ ಮೇಲೆ ಬೆಸುಗೆ ಹರಿಸಿದಳು. ಆಮೇಲೆ ಎರಡೂ ಮಗ್ಗ ಹಚ್ಚಿ ನೋಡಿದೆವು. ಖಟಾಖಟಿಯ ಮೇಲೆ ಪೆಡಲಿನ ದನಿ ಬೀದಿಯ ತನಕ ಕೇಳಿಸಿತು.

ಮರುದಿನ ಅವಳನ್ನು ಮುಧೋಳಕ್ಕೆ ಸ್ಕೂಟರಿನಲ್ಲಿ ಕರೆದೊಯ್ದದ್ದು ಈರಪ್ಪನವರೇ. ಆರ್ಕೆಸ್ಟ್ರಾದವರು ಅವಳನ್ನು ತೆಗೆದುಕೊಂಡರು. ಆ ಗಂಟು ಇಂದಿಗೂ ಡಬ್ಬಿಯೊಳಗಿದೆ.

ಹೋದ ವರ್ಷ ಅಂಗಡಿ ಮಗನಿಗೆ ಬಿಟ್ಟುಕೊಟ್ಟೆ. ಮೀಟರು ಏನು ತೋರಿಸುತ್ತದೆ ಎಂದು ನಾನು ಅವನಿಗೆ ಕಲಿಸಬೇಕಿರಲಿಲ್ಲ, ಅವನೇ ಕಲಿತಿದ್ದ. ಹೇಳಿದ್ದು ಒಂದೇ ಮಾತು: ಯಾರಾದರೂ ಬಾಗಿಲಲ್ಲಿ ನಿಂತು ಮಾತು ನುಂಗಿದರೆ, ಮೊದಲು ಕೈಯಲ್ಲಿದ್ದುದನ್ನು ಕೆಳಗಿಡು, ಒಂದು ಕುರ್ಚಿ ಕೊಡು, "ಹೇಳ್ರಿ" ಅನ್ನು. ಡಬ್ಬಿ ಆಮೇಲೆ ಬಿಚ್ಚು.